ಹಳ್ಳಿಯ ಬಡ ಮಗು ಶಾಲೆಯಲ್ಲಿ ಉಳಿಯಬೇಕಾದರೆ ವಿದ್ಯಾರ್ಥಿವೇತನ ಯಾವಾಗ ಕೈಸೇರಬೇಕು?

ನಿವೃತ್ತ ಶಿಕ್ಷಕ

ಬಡ ಮಕ್ಕಳ ವಿದ್ಯಾರ್ಥಿವೇತನದ ಮಾತು ಬಂದಾಗಲೆಲ್ಲ ಚರ್ಚೆ ಮೊತ್ತದ ಸುತ್ತಲೇ ಗಿರಕಿ ಹೊಡೆಯುತ್ತದೆ. ಎಷ್ಟು ಕೊಡಬೇಕು, ಇಷ್ಟು ಸಾಕೇ, ಹೆಚ್ಚಿಸಬೇಕೇ ಎಂದು. ಮೊತ್ತ ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಬಹುಕಾಲ ಹಳ್ಳಿ ಶಾಲೆಯಲ್ಲಿ ಪಾಠ ಮಾಡಿದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಇದು: ಹಣ ಯಾವ ತರಗತಿಯಲ್ಲಿ ಬರುತ್ತದೆ, ವರ್ಷದ ಯಾವ ತಿಂಗಳಲ್ಲಿ ಬರುತ್ತದೆ ಎಂಬುದರ ಮೇಲೆಯೇ ಮಗು ಉಳಿಯುವುದೂ ಹೋಗುವುದೂ ನಿಂತಿದೆ.

ಯಾವ ಮಗುವೂ ಒಂದೇ ದಿನದಲ್ಲಿ ಶಾಲೆ ಬಿಡುವುದಿಲ್ಲ. ಬಿಟ್ಟುಹೋದ ಮಗುವಿನ ಹೆಸರು ಹುಡುಕಿ ಹಾಜರಿ ಪುಸ್ತಕವನ್ನು ಹಿಂದಕ್ಕೆ ತಿರುವಿದರೆ ಎಲ್ಲವೂ ಅಲ್ಲೇ ಇರುತ್ತದೆ. ಮೊದಮೊದಲು ವಾರಕ್ಕೊಂದು ಗೈರುಹಾಜರಿ. ಸುಗ್ಗಿಯ ಹೊತ್ತಿಗೆ ಒಂದೇ ಸಾಲಿನಲ್ಲಿ ಹತ್ತು ಹದಿನೈದು. ಮತ್ತೆ ಬರುವಷ್ಟರಲ್ಲಿ ಗಣಿತದಲ್ಲಿ ಒಂದು ಅಧ್ಯಾಯವೇ ಮುಗಿದಿರುತ್ತದೆ, ಮಗು ಹಿಂದಿನ ಬೆಂಚಿಗೆ ಸರಿಯುತ್ತದೆ. ಪರೀಕ್ಷೆ ಹೇಗೋ ಮುಗಿಯುತ್ತದೆ. ರಜೆ ಕಳೆದು ಶಾಲೆ ತೆರೆದಾಗ ಮಗುವೇ ಇರುವುದಿಲ್ಲ.

ಹೀಗೆ ಹೋಗುವವರಲ್ಲಿ ಹೆಚ್ಚಿನವರು ಹೋಗುವುದು ಹಂತ ಬದಲಾಗುವಾಗ. ಊರಿನ ಶಾಲೆ ಮುಗಿಯಿತು, ಮುಂದಿನದು ದೂರದಲ್ಲಿದೆ. ಮಗುವಿಗೆ ಹನ್ನೆರಡೋ ಹದಿಮೂರೋ ಆಗಿದೆ, ಕೂಲಿಗೆ ಕರೆಯುವವರಿದ್ದಾರೆ. ಹೊಸ ಸಮವಸ್ತ್ರ, ದಾಖಲಾತಿ, ಬಸ್ಸಿನ ಖರ್ಚು ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಮನೆಯವರು ‘ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ’ ಎನ್ನುತ್ತಾರೆ. ಆ ಮುಂದಿನ ವರ್ಷ ಬಂದದ್ದನ್ನು ನಾನು ಬಹಳ ಅಪರೂಪಕ್ಕೆ ಕಂಡಿದ್ದೇನೆ.

ಮೆಕ್ಸಿಕೋ 1997ರಲ್ಲಿ ತನ್ನ ಬಡ ಹಳ್ಳಿಗಳಲ್ಲಿ ‘ಪ್ರೊಗ್ರೆಸಾ’ ಎಂಬ ಯೋಜನೆ ಆರಂಭಿಸಿತು. ಮಗುವಿನ ಹಾಜರಾತಿ ಶೇ 85 ಇದ್ದರೆ ಎರಡು ತಿಂಗಳಿಗೊಮ್ಮೆ ತಾಯಿಯ ಕೈಗೆ ಹಣ. ಮೂರನೆಯ ತರಗತಿಯಿಂದ ಶುರುವಾಗಿ ತರಗತಿ ಏರಿದಂತೆ ಮೊತ್ತವೂ ಏರುತ್ತಿತ್ತು, ಏಕೆಂದರೆ ಮಗು ಬೆಳೆದಷ್ಟೂ ಹೊರಗೆ ಸಿಗುವ ಕೂಲಿಯೂ ಬೆಳೆಯುತ್ತದೆ. ಪ್ರೌಢ ಹಂತದಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು. ಪ್ರಾಥಮಿಕ ತರಗತಿಗಳಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ, ಅಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಮೊದಲೇ ಇದ್ದರು. ಆರನೆಯ ತರಗತಿ ಮುಗಿಸಿ ಮುಂದಕ್ಕೆ ಹೋಗುವವರು ಮಾತ್ರ ನೂರಕ್ಕೆ 58ರಷ್ಟಿದ್ದವರು 69ರಷ್ಟಾದರು. ಹಣ ಎಲ್ಲಿ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಬೇರೆಯವರ ಅನುಭವ ಏನು ಹೇಳುತ್ತದೆ?

ನೇರ ಪ್ರಶ್ನೆ

ಸರ್, ನಿಮ್ಮ ಮಾತಿನ ಬಗ್ಗೆ ಗೌರವವಿದೆ. ಆದರೂ ಕೇಳಲೇಬೇಕು. ಶಿಕ್ಷಕರಿಲ್ಲದ, ಇದ್ದರೂ ಪಾಠ ನಡೆಯದ ಶಾಲೆಗೆ ಹಣ ಕೊಟ್ಟು ಮಗುವನ್ನು ಕಳುಹಿಸಿ ಏನು ಪ್ರಯೋಜನ? ಕಾಂಬೋಡಿಯಾದ ಒಂದು ವಿದ್ಯಾರ್ಥಿವೇತನದ ಅಧ್ಯಯನ ಓದಿದ್ದೇನೆ. ಹಾಜರಾತಿ ಬಹಳ ಏರಿತು. ಒಂದೂವರೆ ವರ್ಷದ ನಂತರ ಗಣಿತ, ಭಾಷೆಯ ಪರೀಕ್ಷೆ ಕೊಟ್ಟು ನೋಡಿದಾಗ ಹಣ ಪಡೆದ ಮಕ್ಕಳು ಪಡೆಯದವರಿಗಿಂತ ಹೆಚ್ಚೇನೂ ಕಲಿತಿರಲಿಲ್ಲ. ಅದೇ ಹಣದಲ್ಲಿ ಒಳ್ಳೆಯ ಶಿಕ್ಷಕರನ್ನು ನೇಮಿಸಬಹುದಲ್ಲವೇ?

ಮನೆಯ ಮೊದಲ ಪದವೀಧರೆ

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಾನು ಆ ಹಣ ಪಡೆದವಳು.

ನಮ್ಮ ಮನೆಯಲ್ಲಿ ನನ್ನ ಓದು ಪ್ರತಿ ವರ್ಷ ಹೊಸದಾಗಿ ತೀರ್ಮಾನವಾಗಬೇಕಿತ್ತು. ತಮ್ಮನ ಓದಿನ ಬಗ್ಗೆ ಯಾರೂ ಚರ್ಚಿಸುತ್ತಿರಲಿಲ್ಲ, ಅವನು ಹೋಗುತ್ತಾನೆ ಎಂದರೆ ಹೋಗುತ್ತಾನೆ. ನನ್ನದಕ್ಕೆ ಮಾತ್ರ ಶಾಲೆ ತೆರೆಯುವ ಮುನ್ನ ರಾತ್ರಿ ಊಟದ ನಂತರ ದೊಡ್ಡವರೆಲ್ಲ ಕೂತು ಮಾತಾಡುತ್ತಿದ್ದರು. ನಾನು ಒಳಗೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಪ್ರೌಢಶಾಲೆಗೆ ಸೇರುವ ವರ್ಷ ವಿದ್ಯಾರ್ಥಿವೇತನ ಮಂಜೂರಾದ ಪತ್ರ ಬಂತು. ದೊಡ್ಡ ಹಣವೇನಲ್ಲ. ಆದರೆ ಅಂದು ಅಮ್ಮ ಆಡಿದ್ದು ಒಂದೇ ಮಾತು: ‘ಅವಳ ಹಣ ಬರುತ್ತದೆ, ಬಿಡಿಸಿದರೆ ಅದು ನಿಲ್ಲುತ್ತದೆ.’ ಅಜ್ಜ ಸುಮ್ಮನಾದರು. ಅಲ್ಲಿಯವರೆಗೆ ಅಮ್ಮನ ಬಳಿ ‘ಓದಲಿ ಬಿಡಿ’ ಎಂಬ ಬೇಡಿಕೆ ಮಾತ್ರ ಇತ್ತು, ಅಂದು ಒಂದು ಕಾರಣ ಸಿಕ್ಕಿತು.

ಆದ್ದರಿಂದ ‘ನೇರ ಪ್ರಶ್ನೆ’ಯವರೇ, ಕಲಿಕೆ ಸಾಲದು ಎಂಬ ನಿಮ್ಮ ದೂರು ನ್ಯಾಯವಾದದ್ದೇ. ನನ್ನ ಶಾಲೆಯಲ್ಲೂ ವಿಜ್ಞಾನಕ್ಕೆ ಶಿಕ್ಷಕರು ಬಂದದ್ದು ವರ್ಷದ ನಡುವೆ. ಆದರೆ ಹದಿಮೂರನೆಯ ವಯಸ್ಸಿಗೆ ಮನೆಯಲ್ಲಿ ಉಳಿದ ಹುಡುಗಿಗೆ ಒಳ್ಳೆಯ ಶಿಕ್ಷಕರು ಮುಂದೆಂದೋ ಬಂದರೆ ಏನು ಉಪಯೋಗ? ಬಾಂಗ್ಲಾದೇಶ 1982ರಲ್ಲಿ ಸಣ್ಣ ಪ್ರಯೋಗವಾಗಿ ಶುರುಮಾಡಿ, 1994ರಲ್ಲಿ ಇಡೀ ಗ್ರಾಮೀಣ ಭಾಗಕ್ಕೆ ವಿಸ್ತರಿಸಿದ ಹುಡುಗಿಯರ ವಿದ್ಯಾರ್ಥಿವೇತನಕ್ಕೆ ಮೂರು ಷರತ್ತುಗಳಿದ್ದವು: ಶೇ 75 ಹಾಜರಾತಿ, ಶೇ 45 ಅಂಕ, ಮದುವೆಯಾಗಿರಬಾರದು. ಆ ಮೂರನೆಯ ಷರತ್ತನ್ನು ಓದಿದಾಗ ನನಗೆ ಅಮ್ಮನ ಮಾತು ನೆನಪಾಯಿತು. ಮನೆಯೊಳಗೆ ಒಬ್ಬಳೇ ವಾದಿಸಬೇಕಾದ ಹೆಂಗಸಿನ ಬೆನ್ನಿಗೆ ಹೊರಗಿನ ಒಂದು ನಿಯಮ ಬಂದು ನಿಲ್ಲುವುದು ಎಷ್ಟು ದೊಡ್ಡ ಬಲ ಎಂಬುದು ಮೊತ್ತ ಎಣಿಸುವವರಿಗೆ ತಿಳಿಯುವುದಿಲ್ಲ.

ನೇರ ಪ್ರಶ್ನೆ

ಮೇಡಂ, ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ನನ್ನ ವಾದ ವಿದ್ಯಾರ್ಥಿವೇತನ ನಿಲ್ಲಿಸಿ ಎಂಬುದಲ್ಲ. ಅದನ್ನು ಕೊಟ್ಟು ಕೈತೊಳೆದುಕೊಳ್ಳಬಾರದು ಎಂಬುದು. ಹಣ ಹೇಗೂ ಕೊಡುವುದಾದರೆ ಚೆನ್ನಾಗಿ ಓದುವವರಿಗೆ ಕೊಡಲಿ. ಆಗ ಹಾಜರಾತಿಯೂ ಆಗುತ್ತದೆ, ಕಲಿಕೆಯೂ ಆಗುತ್ತದೆ.

ಅಂಕಿಅಂಶ ಓದುಗ

ಪ್ರತಿಭೆಗೋ ಬಡತನಕ್ಕೋ ಎಂಬ ಈ ಪ್ರಶ್ನೆಯನ್ನು ನೇರವಾಗಿ ಪರೀಕ್ಷಿಸಿದವರಿದ್ದಾರೆ. ಕಾಂಬೋಡಿಯಾದಲ್ಲಿಯೇ 2008ರಲ್ಲಿ ಮೊಂಡುಲ್ಕಿರಿ, ರತನಕಿರಿ, ಪ್ರೇಹ್ ವಿಹೇರ್ ಎಂಬ ಮೂರು ಹಿಂದುಳಿದ ಪ್ರಾಂತ್ಯಗಳ ಪ್ರಾಥಮಿಕ ಶಾಲೆಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟರು. ಕೆಲವು ಶಾಲೆಗಳಲ್ಲಿ ಬಡತನ ನೋಡಿ, ಕೆಲವು ಶಾಲೆಗಳಲ್ಲಿ ಪರೀಕ್ಷೆಯ ಅಂಕ ನೋಡಿ. ಮೊತ್ತ ಒಂದೇ. ಎರಡೂ ಬಗೆಯಲ್ಲಿ ಮಕ್ಕಳು ಹೆಚ್ಚು ಕಾಲ ಶಾಲೆಯಲ್ಲಿ ಉಳಿದರು. ಅಂಕಗಳು ಏರಿದ್ದು ಮಾತ್ರ ‘ನೀನು ಚೆನ್ನಾಗಿ ಓದಿದ್ದಕ್ಕೆ ಇದು’ ಎಂದು ಕೊಟ್ಟ ಕಡೆ. ಅಲ್ಲಿಗೆ ‘ನೇರ ಪ್ರಶ್ನೆ’ಯವರಿಗೆ ಅರ್ಧ ಗೆಲುವು.

ಕೀನ್ಯಾದ ಬುಸಿಯಾ ಜಿಲ್ಲೆಯ ಅನುಭವವೂ ಅವರ ಕಡೆಗೇ ವಾಲುತ್ತದೆ. ಅಲ್ಲಿ 2001ರಲ್ಲಿ ಆರನೆಯ ತರಗತಿಯ ಹುಡುಗಿಯರಲ್ಲಿ ಪರೀಕ್ಷೆಯಲ್ಲಿ ಮೇಲಿನ ಶೇ 15 ಸ್ಥಾನ ಪಡೆದವರಿಗೆ ಎರಡು ವರ್ಷದ ವಿದ್ಯಾರ್ಥಿವೇತನ ಘೋಷಿಸಿದರು. ಗೆಲ್ಲುವ ಭರವಸೆಯೇ ಇಲ್ಲದ ಹುಡುಗಿಯರ ಅಂಕಗಳೂ ಏರಿದವು, ಸ್ಪರ್ಧೆಯಲ್ಲೇ ಇಲ್ಲದ ಹುಡುಗರೂ ಸುಧಾರಿಸಿದರು. ಶಿಕ್ಷಕರು ಶಾಲೆಗೆ ಬರುವುದೂ ಹೆಚ್ಚಾಯಿತು. ನಾಲ್ಕು ಮಕ್ಕಳು ಗೆಲ್ಲಬೇಕೆಂದು ಊರಿನವರು ಆಸೆಪಟ್ಟಾಗ ಶಿಕ್ಷಕರ ಮೇಲೂ ಕಣ್ಣಿರುತ್ತದೆ.

ನಿವೃತ್ತ ಶಿಕ್ಷಕ

ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಆ ಹದಿನೈದು ದಿನದ ಗೈರುಹಾಜರಿ ಇರುವ ಮಗುವಿನ ಅಂಕ ಎಷ್ಟಿರುತ್ತದೆ ಹೇಳಿ. ಬಡತನವೇ ಅದರ ಅಂಕ ಕಡಿಮೆ ಮಾಡಿದೆ. ಅಂಕ ನೋಡಿ ಹಣ ಕೊಟ್ಟರೆ ಬಿಟ್ಟುಹೋಗುವ ಅಂಚಿನಲ್ಲಿರುವ ಮಗುವೇ ಮೊದಲು ಪಟ್ಟಿಯಿಂದ ಹೊರಗೆ ಬೀಳುತ್ತದೆ. ಮೊದಲು ಬಡವರನ್ನು ಆರಿಸಿ, ಆಮೇಲೆ ‘ಇದು ನಿನ್ನ ಓದಿಗೆ’ ಎಂದು ಹೇಳಿ ಕೊಡಿ. ಆಯ್ಕೆಗೆ ಒಂದು ಅಳತೆ, ಕೊಡುವಾಗಿನ ಮಾತಿಗೆ ಇನ್ನೊಂದು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಕೊಡುವ ರೀತಿಯ ಬಗ್ಗೆ ಇನ್ನೊಂದು ಮಾತು, ಇದು ನನಗೆ ಬಹಳ ನೋವು ತಂದ ವಿಷಯ. ‘ಬಡ ಮಕ್ಕಳು ಎದ್ದು ನಿಲ್ಲಿ’ ಎಂದು ತರಗತಿಯ ನಡುವೆ ಹೆಸರು ಕರೆಯುವುದನ್ನು ದಯವಿಟ್ಟು ಬಿಡಿ. ಎದ್ದು ನಿಲ್ಲಬೇಕಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನೇ ಹಾಕದ ಹುಡುಗರಿರುತ್ತಾರೆ. ಹದಿಹರೆಯದ ಮಗುವಿಗೆ ಹಸಿವನ್ನಾದರೂ ತಡೆದುಕೊಳ್ಳಬಹುದು, ಅವಮಾನವನ್ನಲ್ಲ.

ಹಾಸ್ಟೆಲಿನಲ್ಲಿ ಓದಿದವನು

ಮೇಷ್ಟರು ಹೇಳಿದ್ದು ಅಕ್ಷರಶಃ ನಿಜ.

ಬ್ಯಾಂಕ್ ಉದ್ಯೋಗಿ

ನಾನು ಗ್ರಾಮೀಣ ಶಾಖೆಯಲ್ಲಿ ಕೌಂಟರಿನ ಈಚೆ ಕೂರುವವನು. ಮಂಜೂರಾದ ಹಣ ಮಗುವಿನ ಕೈಸೇರದೆ ಹೇಗೆ ಹಿಂದಿರುಗುತ್ತದೆ ಎಂಬುದನ್ನು ಯಾರಾದರೂ ಬರೆಯಲೇಬೇಕು, ಆದ್ದರಿಂದ ಬರೆಯುತ್ತಿದ್ದೇನೆ.

ಶಾಲೆಯ ದಾಖಲೆಯಲ್ಲಿ ಹೆಸರಿನ ಹಿಂದೆ ಒಂದು ಅಕ್ಷರ, ಗುರುತಿನ ಚೀಟಿಯಲ್ಲಿ ಅದನ್ನು ಬಿಡಿಸಿ ಬರೆದ ಪೂರ್ತಿ ಹೆಸರು, ಖಾತೆಯಲ್ಲಿ ಮೂರನೆಯ ಒಂದು ಕಾಗುಣಿತ. ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಮಕ್ಕಳು. ಹಣ ಬಂದ ದಾರಿಯಲ್ಲೇ ವಾಪಸ್ಸು. ಇನ್ನು ಕೆಲವರ ಖಾತೆ ತೆರೆದದ್ದೇ ವಿದ್ಯಾರ್ಥಿವೇತನಕ್ಕಾಗಿ. ಬಹಳ ಕಾಲ ಯಾವ ವ್ಯವಹಾರವೂ ನಡೆಯದ ಕಾರಣ ಖಾತೆ ನಿಷ್ಕ್ರಿಯವಾಗಿರುತ್ತದೆ. ಅದನ್ನು ಚಾಲನೆಗೆ ತರಲು ಕಾಗದ ಪತ್ರಗಳೊಂದಿಗೆ ತಂದೆಯೋ ತಾಯಿಯೋ ಬರಬೇಕು. ಬಂದರೆ ಅಂದಿನ ಕೂಲಿ ಹೋಯಿತು. ಆದಾಯ ಪ್ರಮಾಣಪತ್ರಕ್ಕೆ ಒಂದು ದಿನ, ಖಾತೆಗೆ ಒಂದು ದಿನ, ಅರ್ಜಿಯ ತಿದ್ದುಪಡಿಗೆ ಮತ್ತೊಂದು. ಬರಬೇಕಾದ ಹಣ ಚಿಕ್ಕದಿದ್ದರೆ ಲೆಕ್ಕ ಹಾಕಿ ಕೈಬಿಡುವವರೂ ಇದ್ದಾರೆ, ಅವರನ್ನು ದೂರುವ ಮನಸ್ಸು ನನಗಿಲ್ಲ.

ಮೇಷ್ಟರು ‘ಯಾವ ತಿಂಗಳಲ್ಲಿ’ ಎಂದು ಕೇಳಿದ್ದಾರಲ್ಲ, ಅದಕ್ಕೆ ನಾನು ಕಂಡದ್ದು ಇದು. ಖರ್ಚು ಶಾಲೆ ತೆರೆಯುವಾಗ. ಅರ್ಜಿ, ಪರಿಶೀಲನೆ, ಮಂಜೂರಾತಿ ಎಲ್ಲ ಮುಗಿದು ಹಣ ಬೀಳುವುದು ವರ್ಷದ ಕೊನೆಗೆ, ಕೆಲವೊಮ್ಮೆ ಅದೂ ದಾಟಿ. ನಡುವಿನ ತಿಂಗಳುಗಳಿಗೆ ಮನೆಯವರು ಬಡ್ಡಿಗೆ ಸಾಲ ತರುತ್ತಾರೆ. ಹಣ ಬಂದಾಗ ಅದು ಸೇರುವುದು ಸಾಲ ಕೊಟ್ಟವನ ಕೈ. ದಾಖಲೆಯಲ್ಲಿ ಮಗುವಿಗೆ ವಿದ್ಯಾರ್ಥಿವೇತನ ತಲುಪಿದೆ ಎಂದೇ ಇರುತ್ತದೆ.

ಅಂಕಿಅಂಶ ಓದುಗ

ತಿಂಗಳ ವಿಷಯದಲ್ಲಿ ಕೊಲಂಬಿಯಾದ ಒಂದು ಪ್ರಯೋಗ ಇಲ್ಲಿ ಹೇಳಲೇಬೇಕಾದದ್ದು. ಅದು ನಡೆದದ್ದು ಹಳ್ಳಿಯಲ್ಲಲ್ಲ, 2005ರಲ್ಲಿ ರಾಜಧಾನಿ ಬೊಗೋಟಾದ ಬಡ ಬಡಾವಣೆಗಳಲ್ಲಿ. ಒಂದು ಗುಂಪಿಗೆ ಎರಡು ತಿಂಗಳಿಗೊಮ್ಮೆ ಪೂರ್ತಿ ಹಣ. ಇನ್ನೊಂದು ಗುಂಪಿಗೆ ಮೂರರಲ್ಲಿ ಎರಡು ಭಾಗ ಮಾತ್ರ ಹಾಗೆ ಕೊಟ್ಟು, ಉಳಿದ ಒಂದು ಭಾಗವನ್ನು ಕೂಡಿಟ್ಟು ಮುಂದಿನ ವರ್ಷದ ದಾಖಲಾತಿಯ ಹೊತ್ತಿಗೆ ಒಟ್ಟಿಗೆ ಕೊಟ್ಟರು. ಹಾಜರಾತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಮರುವರ್ಷ ಮತ್ತೆ ಶಾಲೆಗೆ ಸೇರಿದವರು ಎರಡನೆಯ ಗುಂಪಿನಲ್ಲಿ ಹೆಚ್ಚು. ಹೆಚ್ಚುವರಿ ಹಣ ಬಿಡಿಕಾಸೂ ಬೇಕಾಗಲಿಲ್ಲ, ದಿನಾಂಕ ಬದಲಾಯಿತು ಅಷ್ಟೆ.

ಮನೆಯ ಮೊದಲ ಪದವೀಧರೆ

ಹಾಜರಾತಿಯ ಷರತ್ತಿನ ಬಗ್ಗೆ ಒಂದು ಆತಂಕ ಹೇಳಿಕೊಳ್ಳಬೇಕು. ಶೇ 85 ಅಥವಾ 75 ಎಂದು ಗೆರೆ ಎಳೆದರೆ ಸುಗ್ಗಿಯಲ್ಲಿ ಗೈರುಹಾಜರಾಗುವ ಮಗು ಗೆರೆಯ ಕೆಳಗೆ ಹೋಗುತ್ತದೆ, ಹಣ ನಿಲ್ಲುತ್ತದೆ. ಹಣ ನಿಂತ ಮೇಲೆ ಮರಳಿ ಬರಲು ಇದ್ದ ಕಾರಣವೂ ಹೋಗುತ್ತದೆ. ಜೊತೆಗೆ ತಾಯಿ ಕಾಯಿಲೆ ಬಿದ್ದಾಗ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಯಾವಾಗಲೂ ಹಿರಿಯ ಮಗಳು. ಷರತ್ತು ಅಮ್ಮನ ಕೈಗೆ ಬಲ ಕೊಡುತ್ತದೆ ಎಂದು ನಾನೇ ಬರೆದೆ, ಅದು ನಿಜ. ಅದೇ ಷರತ್ತು ಅತ್ಯಂತ ಕಷ್ಟದ ಮನೆಯ ಹುಡುಗಿಯನ್ನು ಹೊರಗೆ ತಳ್ಳಬಹುದು ಎಂಬುದೂ ನಿಜ.

ಅಂಕಿಅಂಶ ಓದುಗ

ನಿಮ್ಮ ಆತಂಕಕ್ಕೆ ಆಧಾರವಿದೆ. ಮಲಾವಿ ದೇಶದ ಜೋಂಬಾ ಜಿಲ್ಲೆಯಲ್ಲಿ 2008ರಿಂದ ಎರಡು ವರ್ಷ ಹದಿಹರೆಯದ ಹುಡುಗಿಯರಿಗೆ ಹಣ ಕೊಟ್ಟರು. ಕೆಲವರಿಗೆ ಶೇ 80 ಹಾಜರಾತಿಯ ಷರತ್ತಿನ ಮೇಲೆ, ಕೆಲವರಿಗೆ ಯಾವ ಷರತ್ತೂ ಇಲ್ಲದೆ. ಶಾಲೆಯಲ್ಲಿ ಉಳಿಸುವುದರಲ್ಲಿ ಷರತ್ತಿನ ಹಣವೇ ಮುಂದಿತ್ತು. ಆದರೆ ಶಾಲೆ ಬಿಟ್ಟುಬಿಟ್ಟ ಹುಡುಗಿಯರ ಪೈಕಿ ಬಾಲ್ಯವಿವಾಹ, ಗರ್ಭಧಾರಣೆ ಕಡಿಮೆಯಾದದ್ದು ಷರತ್ತಿಲ್ಲದೆ ಪಡೆದವರಲ್ಲಿ. ಷರತ್ತಿನ ಗುಂಪಿನಲ್ಲಿ ಶಾಲೆ ಬಿಟ್ಟವಳಿಗೆ ಅಂದಿನಿಂದ ಹಣವೇ ಇಲ್ಲ, ಅವಳು ಸಂಪೂರ್ಣ ಒಂಟಿ.

ಮೊರಾಕ್ಕೊ ಹಳ್ಳಿಗಳಲ್ಲಿ 2008ರಲ್ಲಿ ಶುರುವಾದ ‘ತಯ್ಸೀರ್’ ಇನ್ನೊಂದು ದಾರಿ ತೋರಿಸಿತು. ಹಾಜರಾತಿಯ ಕಟ್ಟುನಿಟ್ಟು ಬಿಟ್ಟು, ‘ಇದು ಮಕ್ಕಳ ಓದಿಗೆಂದು ಕೊಡುವ ಹಣ’ ಎಂದು ಹೇಳಿ, ಶಾಲೆಯಲ್ಲೇ ಹೆಸರು ನೋಂದಾಯಿಸಿ ಕೊಟ್ಟರು. ಷರತ್ತು ಹಾಕಿದ ಕಡೆಗಿಂತ ಅಲ್ಲಿ ಫಲ ಕಡಿಮೆಯಾಗಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಚಿಕ್ಕ ತರಗತಿಗಳಿಗೆ ಮೊರಾಕ್ಕೊ ಮಾದರಿ ಸಾಕು. ಹದಿಹರೆಯದವರಿಗೆ ಷರತ್ತು ಇರಲಿ, ಆದರೆ ತಪ್ಪಿದ ತಿಂಗಳ ಹಣ ಮಾತ್ರ ನಿಲ್ಲಬೇಕು, ಮರಳಿ ಬಂದ ತಿಂಗಳು ಮತ್ತೆ ಶುರುವಾಗಬೇಕು.

ಹಾಸ್ಟೆಲಿನಲ್ಲಿ ಓದಿದವನು

ದೂರದ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲಿಗೆಂದು 2,000 ರೂಪಾಯಿ ಕೊಡಲಾರಂಭಿಸಿತು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆ ಏರಿತು, ಅದರಲ್ಲೂ ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲಿ. ಶಾಲೆ ಪಕ್ಕದಲ್ಲೇ ಇದ್ದ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಬ್ಬಳೇ ಹೋಗಬೇಕಾದ ದಾರಿಯಲ್ಲಿ ಹಲವರು ಒಟ್ಟಾಗಿ ಸೈಕಲ್ಲಿನಲ್ಲಿ ಹೋಗುವಂತಾದದ್ದು ಸಣ್ಣ ವಿಷಯವಲ್ಲ. ವಿದ್ಯಾರ್ಥಿವೇತನ ಎಂದರೆ ಯಾವಾಗಲೂ ನಗದೇ ಆಗಬೇಕಿಲ್ಲ. ನನ್ನ ಮಟ್ಟಿಗೆ ಅದು ಹಾಸ್ಟೆಲಿನ ಒಂದು ಮಂಚ, ಸಂಜೆ ಓದಲು ದೀಪ. ಮನೆಯಲ್ಲಿದ್ದರೆ ಆ ಹೊತ್ತಿಗೆ ದನಗಳ ಕೆಲಸ ಇರುತ್ತಿತ್ತು.

ನೇರ ಪ್ರಶ್ನೆ

ಮುಂದಿನ ಹಂತದ ಮಾತು? ಪ್ರೌಢಶಾಲೆ ಮುಗಿಸಿದ ಮೇಲೆ ಕೆಲಸವಿಲ್ಲದೆ ಮತ್ತೆ ಕೂಲಿಗೇ ಹೋದರೆ?

ಅಂಕಿಅಂಶ ಓದುಗ

ಘಾನಾದಲ್ಲಿ 2008ರಲ್ಲಿ, ಹಿರಿಯ ಪ್ರೌಢಶಾಲೆಗೆ ಪ್ರವೇಶ ಸಿಕ್ಕಿಯೂ ಶುಲ್ಕ ಕಟ್ಟಲಾಗದೆ ಸೇರಿರದ 2,064 ಮಕ್ಕಳಲ್ಲಿ 682 ಮಂದಿಯನ್ನು ಚೀಟಿ ಎತ್ತಿ ಆರಿಸಿ ಶುಲ್ಕ ಕೊಟ್ಟರು. ವರ್ಷಗಟ್ಟಲೆ ಅವರ ಬೆನ್ನುಹತ್ತಿ ನೋಡಿದ್ದಾರೆ. ಓದು ಮುಗಿಸಿದವರು ಬಹಳ ಹೆಚ್ಚಿದರು, ಹುಡುಗಿಯರು ತಾಯಂದಿರಾಗುವ ವಯಸ್ಸು ಮುಂದೆ ಹೋಯಿತು. ಕೈತುಂಬ ಸಂಬಳ ಮಾತ್ರ ಎಲ್ಲರಿಗೂ ಸಿಗಲಿಲ್ಲ, ಅದು ನೀವು ಹೇಳಿದಂತೆಯೇ. ಉದ್ಯೋಗ ಸೃಷ್ಟಿಸುವ ಹೊಣೆಯನ್ನೂ ವಿದ್ಯಾರ್ಥಿವೇತನದ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದು ನನಗನ್ನಿಸುತ್ತದೆ.

ಹಳೆಯ ವಿದ್ಯಾರ್ಥಿ

ಇಲ್ಲಿಯವರೆಗೂ ಎಲ್ಲವನ್ನೂ ಓದಿದೆ. ನಾವು ಒಂದೇ ಶಾಲೆಯ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಪ್ರತಿ ವರ್ಷ ಸ್ವಲ್ಪ ಹಣ ಕೂಡಿಸುತ್ತಿದ್ದೇವೆ. ಇದುವರೆಗೆ ಶಾಲಾ ವಾರ್ಷಿಕೋತ್ಸವದಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ ವೇದಿಕೆಯ ಮೇಲೆ ಕೊಡುವ ಪದ್ಧತಿ. ನಮ್ಮಂಥ ಸಣ್ಣ ಗುಂಪು ಏನು ಮಾಡಬಹುದು ಮೇಷ್ಟರೇ? ಯಾರಿಗೆ ಕೊಡಬೇಕು ಎಂದು ತಿಳಿಯುವುದು ಹೇಗೆ?

ನಿವೃತ್ತ ಶಿಕ್ಷಕ

ನಿಮ್ಮ ಪ್ರಶ್ನೆಯೇ ಸಂತೋಷ ಕೊಟ್ಟಿತು. ಬಹುಮಾನ ಕೊಡುವುದನ್ನು ನಿಲ್ಲಿಸಬೇಡಿ, ಅದು ಪುಸ್ತಕವಾಗಿರಲಿ. ಹಣವನ್ನು ಬೇರೆ ಇಡಿ.

ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ, ಶಾಲೆಯ ಕೊನೆಯ ತರಗತಿಯ ಹಾಜರಿ ಪುಸ್ತಕ ನೋಡಿ ಎಂದು ಕೇಳಿಕೊಳ್ಳಿ. ಸಾಲಾಗಿ ಗೈರುಹಾಜರಿ ಇರುವ ಹೆಸರುಗಳನ್ನು ಅವರೇ ಗುರುತಿಸಿಕೊಡುತ್ತಾರೆ. ಫಲಿತಾಂಶ ಬಂದ ಮೇಲೆ ಇನ್ನೊಂದು ಕೆಲಸ: ವರ್ಗಾವಣೆ ಪತ್ರ ಒಯ್ಯಲು ಯಾರು ಬಂದಿಲ್ಲ ಎಂದು ವಿಚಾರಿಸಿ. ಬೇರೆ ಶಾಲೆಗೆ ಸೇರಿಸುವ ಮನೆಯವರು ಅದಕ್ಕಾಗಿ ಓಡೋಡಿ ಬರುತ್ತಾರೆ. ತಿಂಗಳಾದರೂ ಕಚೇರಿಯ ಕಪಾಟಿನಲ್ಲೇ ಉಳಿದ ಪತ್ರ ಯಾರದೋ ಆ ಮಗು ಮುಂದಿನ ಶಾಲೆಗೆ ಹೋಗುತ್ತಿಲ್ಲ. ಸರ್ಕಾರದ ಅರ್ಜಿಗೆ ಸಿಗದ ಈ ಮಾಹಿತಿ ಶಾಲೆಯವರಿಗೆ ಸುಲಭವಾಗಿ ಸಿಗುತ್ತದೆ.

ಆ ಮನೆಗೆ ಹೋಗಿ. ಇಬ್ಬರು ಹೋಗಿ, ಒಬ್ಬರು ಹೆಂಗಸರಿರಲಿ. ಶಾಲೆ ತೆರೆಯುವ ಮುನ್ನವೇ ಹೋಗಿ. ಒಂದು ವರ್ಷಕ್ಕಲ್ಲ, ಪ್ರೌಢಶಾಲೆ ಮುಗಿಯುವವರೆಗೆ ಕೊಡುತ್ತೇವೆ ಎಂದು ಹೇಳಿ. ಅಷ್ಟು ಮಕ್ಕಳಿಗೆ ಸಾಲದಿದ್ದರೆ ಮಕ್ಕಳ ಸಂಖ್ಯೆ ಕಡಿಮೆ ಮಾಡಿ, ವರ್ಷಗಳನ್ನಲ್ಲ. ನಡುವೆ ಕೈಬಿಡುವುದಾದರೆ ಆ ಮನೆಯ ಬಾಗಿಲು ತಟ್ಟಲೇಬಾರದು.

ಬ್ಯಾಂಕ್ ಉದ್ಯೋಗಿ

ಹೋದಾಗ ಪಾಸ್‌ಬುಕ್, ಗುರುತಿನ ಚೀಟಿ, ಶಾಲೆಯ ದಾಖಲೆ ಮೂರರಲ್ಲೂ ಹೆಸರು ಒಂದೇ ಇದೆಯೇ ಎಂದೂ ನೋಡಿ ಬನ್ನಿ. ವ್ಯತ್ಯಾಸವಿದ್ದರೆ ರಜೆಯಲ್ಲೇ ಸರಿಪಡಿಸಿಕೊಡಿ. ಸರ್ಕಾರದ ವಿದ್ಯಾರ್ಥಿವೇತನವೂ ಆಗ ತಪ್ಪದೆ ಬರುತ್ತದೆ, ನಿಮ್ಮ ಹಣ ಇನ್ನೊಂದು ಮಗುವಿಗೆ ಉಳಿಯುತ್ತದೆ.

ಹಳೆಯ ವಿದ್ಯಾರ್ಥಿ

ಹಣವನ್ನು ತಂದೆಯ ಕೈಗೆ ಕೊಡಬೇಕೇ, ತಾಯಿಯ ಕೈಗೇ?

ಮನೆಯ ಮೊದಲ ಪದವೀಧರೆ

ಮೊರಾಕ್ಕೊದಲ್ಲಿ ತಂದೆಯ ಕೈಗೆ ಕೊಟ್ಟರೂ ನಡೆಯಿತಂತೆ, ಆದ್ದರಿಂದ ಎಲ್ಲೆಡೆಗೂ ಒಂದೇ ನಿಯಮ ಹೇಳಲಾರೆ. ಹುಡುಗಿಯಾದರೆ ತಾಯಿಯ ಕೈಗೆ ಕೊಡಿ, ಮನೆಯ ಹಿರಿಯರೆಲ್ಲ ಇರುವಾಗ ಕೊಡಿ. ‘ಇದು ಇವಳ ಓದಿಗೆ, ಮುಂದಿನ ವರ್ಷವೂ ಬರುತ್ತೇವೆ’ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ.

ಹಳೆಯ ವಿದ್ಯಾರ್ಥಿ

ಮುಖ್ಯೋಪಾಧ್ಯಾಯರಿಗೆ ಈಗಷ್ಟೇ ಕರೆ ಮಾಡಿದೆ. ಹಾಜರಿ ಪುಸ್ತಕ ನೋಡಿ ಹೆಸರು ಕೊಡಲು ಒಪ್ಪಿದ್ದಾರೆ. ಕಳೆದ ಸಾಲಿನ ಕೆಲವು ವರ್ಗಾವಣೆ ಪತ್ರಗಳೂ ಇನ್ನೂ ಕಚೇರಿಯಲ್ಲೇ ಇವೆಯಂತೆ. ಆ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಪ್ರೌಢಶಾಲೆಯವರು ಒಪ್ಪುತ್ತಾರೆಯೇ ಎಂದು ನಾಳೆ ಕೇಳಿ ಇಲ್ಲೇ ತಿಳಿಸುತ್ತೇನೆ.